ಅಮರಮ್ಮ ಫೇಲಾದ ಪರೀಕ್ಷೆ

ಮಕ್ತಲ್‌ನ ಹತ್ತಿ ಮಿಲ್ಲಿನಲ್ಲಿ ಗುಮಾಸ್ತಿಕೆ ಮಾಡುತ್ತಲೇ ತಲೆ ನರೆಸಿಕೊಂಡ ಜಯಸಿಂಹನಿಗೆ ಆ ಪರೀಕ್ಷೆಯ ಮೇಲೆ ಮೊದಮೊದಲು ಬಲು ಅಭಿಮಾನ. ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ಎರಡು ವರ್ಷವಾಗಿತ್ತು. ಹತ್ತಿ ಮುಟ್ಟಿ ನೋಡಿ ದರ್ಜೆ ಹೇಳುವ ಕೆಲಸ ಇನ್ನು ಕಾಯಂ, ಆದರೆ ಶಿಫಾರಸು ನಡೆಯದು, ಪಾಸಾದವರಿಗೇ ಎಂದು ಮಾಲೀಕರು ಸಾರಿದ್ದರು. ಒಂದು ದರ್ಜೆ ತಪ್ಪಿದರೆ ಇಡೀ ಲಾರಿ ನಷ್ಟಕ್ಕೆ ಬೀಳುವ ವ್ಯಾಪಾರ. ಮಾತು ನ್ಯಾಯದ್ದೇ.

ಬೇಸಿಗೆಯಲ್ಲಿ ಅವನು ಇಪ್ಪತ್ತು ಸಣ್ಣ ಚೀಲಗಳಲ್ಲಿ ಹತ್ತಿ ತುಂಬಿಸಿ ದಾಮರಗಿದ್ದದ ಅಮರಮ್ಮನ ಮುಂದಿಟ್ಟಿದ್ದ. ಹನ್ನೊಂದು ವರ್ಷದಿಂದ ದಿನಗೂಲಿಗೆ ಇದೇ ಕೆಲಸ ಮಾಡುತ್ತಿದ್ದವಳು ಅವಳು. ಯಾಕೆಂದು ಹೇಳಿರಲಿಲ್ಲ. ಅವಳು ಹಿಸುಕಿ, ಎಳೆದು, ದರ್ಜೆ ಹೇಳುತ್ತ ಹೋದಳು, ಅವನು ಬರೆದುಕೊಂಡ. ಪರೀಕ್ಷೆಯ ಸರಿ ಉತ್ತರಗಳು ಅವೇ ಆದವು.

ಚೀಲಗಳನ್ನು ಗೋದಾಮಿನಲ್ಲಿಟ್ಟು ಬೀಗ ಜಡಿದವನೂ ಅವನೇ. ಮಳೆಗಾಲದಲ್ಲಿ ಅಲ್ಲಿನ ತಗಡು ಸೋರುತ್ತದೆಂಬುದು ಆ ಜಾಣನಿಗೆ ಹೊಳೆಯಲಿಲ್ಲ.

ದಸರೆಗೆ ಮುಂಚೆ ಪರೀಕ್ಷೆ ನಡೆಯಿತು. ಗದ್ವಾಲದಿಂದ ಬಂದ ಪದವೀಧರೆ ಶೈಲಜಾ ಬಣ್ಣ ನೋಡಿ, ಎಳೆ ನೋಡಿ ಹದಿನಾರು ಸರಿ ಮಾಡಿದಳು. ಅಮರಮ್ಮನದು ಒಂಬತ್ತು.

ಜಯಸಿಂಹ ನಂಬಲಿಲ್ಲ. ಅವಳು ತಪ್ಪಿದ ಚೀಲಗಳಿಗೆ ಕೈ ಹಾಕಿದ. ಎಲ್ಲವೂ ಹಸಿ. ತೇವ ಹಿಡಿದ ಹತ್ತಿಯನ್ನು ಖರೀದಿಯ ದಿನ ಇಳಿಸುವಂತೆಯೇ ಅವಳು ಒಂದು ದರ್ಜೆ ಇಳಿಸಿದ್ದಳು.

ಮಾಲೀಕರ ಬಳಿ ಓಡಿದ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. ಎಲ್ಲರಿಗೂ ಅದೇ ಚೀಲ, ಅದೇ ಉತ್ತರ. ಒಬ್ಬಳಿಗಾಗಿ ಬದಲಿಸಿದರೆ ಅದನ್ನು ಪರೀಕ್ಷೆ ಅನ್ನುತ್ತಾರೇನು ಎಂದರು. ಫಲಿತಾಂಶ ಆಗಲೇ ಹೈದರಾಬಾದಿನ ಆಫೀಸು ಸೇರಿತ್ತು.

ಅಂಗಳದಲ್ಲಿ ಕಾದು ನಿಂತಿದ್ದ ಅಮರಮ್ಮನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ, ಸೋರಿದ ತಗಡನ್ನೂ ಬಿಡದೆ.

“ಹಂಗಾರ ಉತ್ತರಾನೂ ನಂದು, ಕೈನೂ ನಂದು,” ಅಂದಳು ಅವಳು. “ಫೇಲಾದಾಕಿ ಯಾರ್ರೀ?”

ಅವನಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ದಸರೆ ಮುಗಿದು ಮೊದಲ ಲಾರಿ ಬಂತು. ಶೈಲಜಾ ಹತ್ತಿ ನೋಡಿ ಒಂದನೇ ದರ್ಜೆ ಎಂದು ಕೂಗಿದಳು. ಅಂಗಳ ಗುಡಿಸುವ ಕೂಲಿಗೆ ಉಳಿದುಕೊಂಡಿದ್ದ ಅಮರಮ್ಮ ನೆಲಕ್ಕೆ ಬಿದ್ದ ಒಂದು ಹಿಡಿ ಹತ್ತಿ ಎತ್ತಿ ಹಿಸುಕಿದಳು. ಏನೂ ಅನ್ನದೆ ಅದನ್ನು ಜಯಸಿಂಹನ ಮೇಜಿನ ಮೇಲಿಟ್ಟು ಹೋದಳು.

ಅವನು ಮುಟ್ಟಿ ನೋಡಿದ. ಹಸಿಯಾಗಿತ್ತು. ಪಾಸಾದವರು ಹೇಳಿದ್ದನ್ನು ಬರೆಯುವುದಷ್ಟೇ ಅವನ ಕೆಲಸ. ಒಂದನೇ ದರ್ಜೆ ಎಂದು ಬರೆದ.