ಅಮ್ಮನಿಗೊಂದು ವರ್ಷದ ಪಾಸು

ಲಿಫ್ಟ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ನನ್ನಂಥವನಿಗೆ, ದುಡ್ಡು ಕೊಟ್ಟು ಮೇಲೆ ಹೋಗಿ ಕಿರುಚುತ್ತಾ ಕೆಳಗೆ ಬರುವವರನ್ನು ಕಂಡರೆ ಮೈ ಉರಿಯುತ್ತದೆ. ನನ್ನ ಲಿಫ್ಟು ಒಂದಿಷ್ಟು ಜಗ್ಗಿದರೆ ಸಾಕು, ಇದೇ ಜನ ನನ್ನ ಜನ್ಮ ಜಾಲಾಡುತ್ತಾರೆ.

ಆದರೂ ಆ ಭಾನುವಾರ ಥೀಮ್ ಪಾರ್ಕಿಗೆ ಹೋದೆ. ಕಂಪನಿಯವರು ಎರಡು ಟಿಕೆಟ್ ಪುಕ್ಕಟೆ ಕೊಟ್ಟಿದ್ದರು. ನರ್ಸ್ ಆಗಿರುವ ಹೆಂಡತಿಗೆ ಡ್ಯೂಟಿ, ಮಗಳಿಗೆ ಪರೀಕ್ಷೆ. ಉಳಿದವಳು ಅಮ್ಮ. ಅರವತ್ತೆಂಟರ ಅಮ್ಮ ಹೇಗೂ ಬೇಡ ಎನ್ನುತ್ತಾಳೆ ಎಂದುಕೊಂಡೇ ಕೇಳಿದೆ. ಕೇಳಿ ಮುಗಿಸುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದಳು.

ದಿನವಿಡೀ ಆಡಿದೆವು ಎನ್ನುವುದಕ್ಕಿಂತ ದಿನವಿಡೀ ನಿಂತೆವು ಎನ್ನಬೇಕು. ದೊಡ್ಡ ಚಕ್ರಕ್ಕೆ ಮುಕ್ಕಾಲು ಗಂಟೆ ಕ್ಯೂ, ಮೇಲಿದ್ದದ್ದು ನಾಲ್ಕು ನಿಮಿಷ. ನೀರಿಗೆ ಧುಮುಕುವ ದೋಣಿಗೆ ಒಂದು ಗಂಟೆ. ನಾನು ಸಿಡಿಮಿಡಿಗುಟ್ಟುತ್ತಿದ್ದೆ. ಅಮ್ಮ ಕಂಬಿಗೆ ಒರಗಿ ಮಾತಾಡುತ್ತಲೇ ಇದ್ದಳು. ಟೈಲರ್ ಅಂಗಡಿಯಲ್ಲಿದ್ದಾಗ ಒಬ್ಬ ಮದುಮಗನ ಕೋಟಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದುಬಿಟ್ಟಿದ್ದಳಂತೆ. ಇಷ್ಟು ವರ್ಷ ನನಗದು ಗೊತ್ತೇ ಇರಲಿಲ್ಲ, ಬಿದ್ದು ಬಿದ್ದು ನಕ್ಕೆ. ಕೆಟ್ಟು ನಿಂತ ಲಿಫ್ಟಿನ ಮೇಲೆ ನಾನು ಕತ್ತಲಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡದ್ದನ್ನು ಹೆಂಡತಿಗೂ ಹೇಳಿರಲಿಲ್ಲ, ಅಮ್ಮನಿಗೆ ಹೇಳಿದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಳು. ದೋಣಿ ಬರುವವರೆಗೂ ಬಿಡಲಿಲ್ಲ.

ಸಂಜೆ ಹೊರಡುವಾಗ ಗೇಟಿನ ಬಳಿ ಒಂದು ಬೋರ್ಡಿನ ಮುಂದೆ ನಿಂತಳು. ಇವತ್ತಿನ ಟಿಕೆಟ್ ತೋರಿಸಿದವರಿಗೆ ವರ್ಷದ ಪಾಸು ಅರ್ಧ ಬೆಲೆಗೆ, ಅದೂ ಗೇಟು ದಾಟುವ ಮುಂಚೆ ಕೊಂಡರೆ ಮಾತ್ರ.

"ನಂಗೊಂದು ಕೊಡಿಸ್ತೀಯಾ?"

ಅಮ್ಮ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಕನ್ನಡಕದ ಕಡ್ಡಿ ಮುರಿದಾಗಲೂ ನಾನಾಗಿ ನೋಡುವವರೆಗೆ ದಾರ ಕಟ್ಟಿಕೊಂಡು ಓಡಾಡಿದ್ದಳು. ಆದರೂ ನನ್ನೊಳಗಿನ ಜಿಪುಣ ಸುಮ್ಮನಿರಬೇಕಲ್ಲ.

"ನಾಲ್ಕು ಸಲ ಬಂದ್ರಷ್ಟೇ ಗಿಟ್ಟೋದಮ್ಮ. ಬರ್ತೀಯಾ?"

"ನಾನು ಬರ್ತೀನಪ್ಪ. ನೀನು ಬರ್ತೀಯಾ?"

ನಾಲಗೆ ಕಚ್ಚಿಕೊಂಡು ಕೌಂಟರಿಗೆ ಹೋದೆ. ಇನ್ನೊಂದು ಬಗೆಯ ಪಾಸೂ ಇದೆ ಎಂದಳು ಅಲ್ಲಿದ್ದ ಹುಡುಗಿ. ಅದಕ್ಕೆ ಬೆಲೆ ದುಪ್ಪಟ್ಟು, ಆದರೆ ಕ್ಯೂ ಇಲ್ಲ, ಪಕ್ಕದ ಬಾಗಿಲಿಂದ ಸೀದಾ ಒಳಗೆ. ತಪ್ಪು ತಿದ್ದಿಕೊಳ್ಳಲು ಒಳ್ಳೆ ಅವಕಾಶವೆಂದು ಧಾರಾಳವಾಗಿ ಪರ್ಸ್ ತೆಗೆದೆ. ಅಮ್ಮ ಹಿಂದಿನಿಂದ ಅಂಗಿ ಜಗ್ಗಿದಳು.

"ಅದು ಬೇಡ. ಕ್ಯೂ ಇರೋದೇ ಕೊಡ್ಸು."

"ಕಾಲು ನೋಯಲ್ವೇನಮ್ಮ? ದುಡ್ಡಿನ ಮುಖ ನೋಡ್ಬೇಡ."

"ದುಡ್ಡಲ್ಲ ಕಣೋ. ಆ ಆಟ ಯಾರಿಗೆ ಬೇಕಾಗಿತ್ತು? ದೋಣೀಲಿ ನನ್ ಜೀವ ಬಾಯಿಗೆ ಬಂದಿತ್ತು. ಮನೇಲಿ ನೀನು ಎರಡು ನಿಮಿಷ ನನ್ ಪಕ್ಕ ಕೂತ್ರೆ ಎಲ್ಲೋ ಒಂದು ಲಿಫ್ಟು ನಿಂತೋಗುತ್ತೆ. ಕ್ಯೂನಲ್ಲಿ ಹಾಗೆ ಬಿಟ್ಟು ಹೋಗೋಕಾಗಲ್ಲ ನೋಡು, ಜಾಗ ಹೋಗ್ಬಿಡುತ್ತೆ."

ಕೌಂಟರಿನತ್ತ ತಿರುಗಿದೆ. ಕ್ಯೂ ಇರುವ ಪಾಸನ್ನೇ ಎರಡು ಕೊಡಿ ಎಂದೆ.

ಹುಡುಗಿ ಇಬ್ಬರ ಫೋಟೋ ತೆಗೆದು, ಪಾಸು ಕೈಗಿಡುತ್ತಾ, ವಯಸ್ಸಾದವರನ್ನು ಕರೆತರುವವನು ಎಂಬ ಕಾಳಜಿಯಿಂದ ಹೇಳಿದಳು:

"ಭಾನುವಾರ ಮಾತ್ರ ಬರ್ಬೇಡಿ ಸಾರ್. ಸಿಕ್ಕಾಪಟ್ಟೆ ಕ್ಯೂ ಇರುತ್ತೆ."

"ಭಾನುವಾರಾನೇ ಬರ್ತೀವಿ," ಎಂದೆ.