ಪೂಜೆಗೆ ಮೊದಲಿನ ಗುಳಿಗೆ

ಬೆಳಗಿನ ಆರು ಗಂಟೆಗೆ ಕೊಡಬೇಕಾಗಿದ್ದ ಗುಳಿಗೆಯನ್ನು ರಾಜಶೇಖರಪ್ಪ ತೆಗೆದುಕೊಳ್ಳಲಿಲ್ಲ.

"ಲಿಂಗಪೂಜಿ ಆಗೂತನಕ ಬಾಯಾಗ ನೀರೂ ಹಾಕೂದಿಲ್ಲವಾ," ಎಂದರು. "ಅದೇನು ಓಡಿ ಹೋಗತೈತೇನು?"

"ಓಡಿ ಹೋಗೂದಿಲ್ಲರಿ ಸಾವ್ಕಾರ್ರ. ತಡಾ ಆದ್ರ ಕೈ ಬಿಗೀತಾವು," ಎಂದಳು ನರ್ಸ್ ವಾಣಿಶ್ರೀ.

"ಬಿಗದ್ರ ಬಿಗೀಲಿ. ನೀ ಆ ನೋವಿನ ಸೂಜಿ ಅಷ್ಟ ಲಗೂ ತಾ. ಸೂಜಿಗೇನು ಬಾಯಿಲ್ಲ, ಹೊಟ್ಟಿಯಿಲ್ಲ, ಅದಕ್ಕ ನಂದೇನೂ ತಕರಾರಿಲ್ಲ."

ನಗಲು ಹೋಗಿ ಅವರು ಹಲ್ಲು ಕಚ್ಚಿದರು. ಅದು 1998ರ ಫೆಬ್ರುವರಿ. ಹತ್ತಿ ವ್ಯಾಪಾರಿ ರಾಜಶೇಖರಪ್ಪ ಬಚ್ಚಲಲ್ಲಿ ಜಾರಿ ತೊಡೆಯ ಮೇಲಿನ ಚಪ್ಪೆಯ ಎಲುಬು ಮುರಿದುಕೊಂಡು ಗೋಕುಲ ರಸ್ತೆಯ ನರ್ಸಿಂಗ್ ಹೋಮಿಗೆ ಬಂದಿದ್ದರು. ಹಿಂದಿನ ದಿನ ಮಧ್ಯಾಹ್ನ ಆಪರೇಷನ್ ಆಗಿತ್ತು. ಸೊಂಟದ ಕೆಳಗೆ ಕೊಟ್ಟಿದ್ದ ಮರಗಟ್ಟುವ ಮದ್ದು ರಾತ್ರಿಯೇ ಇಳಿದಿತ್ತು. ಆಮೇಲೆ ಕೊಟ್ಟ ಸಾದಾ ನೋವಿನ ಸೂಜಿ ಸಾಲಲಿಲ್ಲ. ಮೂರು ವರ್ಷಗಳಿಂದ ಅವರಿಗೆ ಪಾರ್ಕಿನ್ಸನ್ ಬೇನೆಯೂ ಇತ್ತು. ದಾಖಲಾದ ದಿನ ಡಾಕ್ಟರು ಔಷಧಿ ಕೇಳಿದಾಗ ಹೆಂಡತಿ ಶರಣವ್ವನಿಗೆ ಬಾಯಿ ತೆರೆಯಲು ಬಿಡದೆ ತಾವೇ ಹೇಳಿದ್ದರು: ಪೂಜೆಯ ಮೇಲೆ ಒಂದು, ಮಧ್ಯಾಹ್ನ ಒಂದು, ಸಂಜೆಗೆ ಒಂದು, ಬೇರೇನೂ ಇಲ್ಲ.

"ಜೋರಿನ ಸೂಜಿ ಕೊಡತೇನ್ರಿ," ಎಂದು ಹೇಳಿ ವಾಣಿಶ್ರೀ ಡಾಕ್ಟರ ಮನೆಗೆ ಫೋನ್ ಹಚ್ಚಿದಳು. ಪೆಥಿಡಿನ್ ಕೊಡು ಎಂದರು. ಆ ಔಷಧಿ ಬೀಗದ ಕಪಾಟಿನಲ್ಲಿರುತ್ತದೆ. ಬೀಗದ ಕೈ ಹಿರಿಯ ನರ್ಸ್ ಗೋದಾಬಾಯಿಯ ಹತ್ತಿರ. ಅವಳು ಬಂದು ಕಪಾಟು ತೆಗೆದು, ಸಿರಿಂಜಿಗೆ ಔಷಧಿ ಏರಿಸುವಷ್ಟರಲ್ಲಿ ಕೋಣೆಯಲ್ಲಿ ಪೂಜೆ ಶುರುವಾಗಿತ್ತು.

ಶರಣವ್ವ ಗಂಡನ ಮೈ ಒರೆಸಿ, ವಿಭೂತಿ ಹಚ್ಚಿ, ಮಂಚದ ತಲೆಯ ಕಡೆಯನ್ನು ಎತ್ತರಿಸಿದ್ದಳು. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ರಾಜಶೇಖರಪ್ಪ ಅದನ್ನೇ ನೋಡುತ್ತಿದ್ದರು. ತೊಡೆಯ ನೋವಿಗೆ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕೈ ಮಾತ್ರ ಅಲುಗುತ್ತಿರಲಿಲ್ಲ.

ವಾಣಿಶ್ರೀ ಬಾಗಿಲಲ್ಲೇ ನಿಂತಳು.

ನಿನ್ನೆ ಸಂಜೆ ನಾಡಿ ನೋಡುವಾಗ ಅದೇ ಕೈಯ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಿದ್ದಳು. ಆಪರೇಷನ್ನಿನಿಂದಾಗಿ ಮಧ್ಯಾಹ್ನದ ಗುಳಿಗೆ ತಪ್ಪಿತ್ತು, ಮುಷ್ಟಿ ಕಲ್ಲಿನ ಹಾಗೆ ಬಿಗಿದಿತ್ತು. ಸಂಜೆಯ ಗುಳಿಗೆ ಕೊಟ್ಟ ಮೇಲೆ ತುಸು ಸಡಿಲವಾಯಿತು. ಆ ಗುಳಿಗೆಯ ಬಲ ರಾತ್ರಿ ಊಟದ ಹೊತ್ತಿಗೇ ಮುಗಿಯುತ್ತದೆ. ಹಾಗಾದರೆ ಈಗ ಈ ಕೈ ತೆರೆದದ್ದು ಹೇಗೆ?

"ಯಾಕ ನಿಂತೀ, ಮಂಗಳಾರತಿ ತಗೊಳ್ಳಾಕೇನು?" ಹಿಂದಿನಿಂದ ಗೋದಾಬಾಯಿ ಪಿಸುಗುಟ್ಟಿದಳು. "ಮುಗಿದ ಕೂಡಲೇ ಚುಚ್ಚಿ ಬಾ. ಪಾಪ, ಬ್ಯಾನಿ ತಿನ್ನಾಕತ್ತಾರ."

"ಅವರು ಏನೋ ತಗೊಂಡಾರ ಬಾಯಿ."

"ನಿನ್ನ ಕೈಯಾಗಿಂದು ಒಲ್ಲೆ ಅಂದಾರಂತಲ್ಲ?"

"ನನ್ನ ಕೈಯಾಗಿಂದು ಅಷ್ಟ ಒಲ್ಲೆ ಅಂದಾರ."

ಅವಳು ಟ್ರೇಯನ್ನು ಗೋದಾಬಾಯಿಗೆ ಕೊಟ್ಟು, ಶರಣವ್ವನನ್ನು ಕಣ್ಣಿನಲ್ಲೇ ಹೊರಗೆ ಕರೆದಳು. ಏನಂತ ಕೇಳುವುದು? ತಪ್ಪಾದರೆ ಪೂಜೆಯ ಹೊತ್ತಿನಲ್ಲಿ ಒಬ್ಬ ಮುತ್ತೈದೆಯ ಮೇಲೆ ಕದ್ದು ಗುಳಿಗೆ ಕೊಟ್ಟ ಆರೋಪ ಹೊರಿಸಿದಂತಾಗುತ್ತದೆ. ಕೇಳದೆ ಚುಚ್ಚಿದರೆ ಒಳಗೆ ಏನಿದೆಯೋ ಗೊತ್ತಿಲ್ಲ.

"ಅವ್ವಾರ, ಬೆಳಿಗ್ಗೆ ಸಾವ್ಕಾರ್ರಿಗೆ ಏನರ ಕೊಟ್ಟೀರೇನ್ರಿ?"

"ಇಲ್ಲವಾ. ಪೂಜಿ ಆಗಿಲ್ಲಲ್ಲ."

"ಅವ್ವಾರ, ಆ ಟ್ರೇದಾಗಿನ ಸೂಜಿ ಭಾಳ ಜೋರಿಂದು. ಮೈಯಾಗ ಏನೈತಿ ಗೊತ್ತಿಲ್ಲದ ನಾ ಅದನ್ನ ಕೊಡಾಂಗಿಲ್ಲ. ಅವರ ಕೈ ತಾನಾಗೇ ಬಿಚ್ಚಿದ್ದಲ್ಲ."

ಶರಣವ್ವ ಬಾಗಿಲ ಕಡೆಗೆ ನೋಡಿದಳು. ಆಮೇಲೆ ಕುಪ್ಪಸದೊಳಗಿಂದ ಸಣ್ಣ ಪ್ಲಾಸ್ಟಿಕ್ ಚೀಲ ತೆಗೆದಳು. ಅದರಲ್ಲಿ ಗುಳಿಗೆಯ ಎರಡು ಪಟ್ಟಿಗಳಿದ್ದವು.

"ಈ ಕೈಬ್ಯಾನಿಗೆ ತೋರಿಸೂ ಮಿರಜದ ಡಾಕ್ಟರು ಹೇಳಿದ್ದು, ಹಾಸಿಗಿ ಬಿಟ್ಟು ಏಳೂಕಿಂತ ಮದಲ ಇವೆರಡೂ ಹೊಟ್ಟಿಗೆ ಹೋಗಬೇಕು ಅಂತ. ಇವರು ಎಲ್ಲಿ ಕೇಳ್ತಾರ? ಗುಳಿಗಿ ಇಲ್ಲದ ಕೈಯಾಗ ಲಿಂಗ ನಿಂದ್ರೂದಿಲ್ಲ. ಒಂದು ಸಲ ಜಾರಿ ಬಿತ್ತು ತಂಗಿ. ಆವತ್ತು ದಿನಾ ಪೂರಾ ಉಪಾಸ ಕುಂತ್ರು." ಅವಳು ಚೀಲವನ್ನು ವಾಣಿಶ್ರೀಯ ಕೈಗೆ ಕೊಟ್ಟಳು. "ಅದಕ್ಕ ನಸುಕಿನ್ಯಾಗ ಎಬ್ಬಿಸಿ, ಇನ್ನೂ ರಾತ್ರಿ ಎರಡು ಆಗೇತ್ರಿ, ನಿದ್ದಿ ಗುಳಿಗಿ ತಗೋರಿ ಅಂತೇನಿ. ನಿದ್ದಿಗಣ್ಣಾಗ ನುಂಗಿ ಮಲಗ್ತಾರ. ಇವತ್ತೂ ಕೊಟ್ಟೇನಿ. ಅವರಿಗೆ ಹೇಳಬ್ಯಾಡ."

ಒಂದು ಪಟ್ಟಿ ವಾಣಿಶ್ರೀಗೆ ಗೊತ್ತಿದ್ದದ್ದೇ, ಆರು ಗಂಟೆಯ ಅದೇ ಗುಳಿಗೆ. ಇನ್ನೊಂದರಲ್ಲಿ ಸಣ್ಣ ಬಿಳಿ ಗುಳಿಗೆಗಳಿದ್ದವು. ಅದರ ಹೆಸರನ್ನು ಅವಳು ಡಾಕ್ಟರಿಗೆ ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಓದಿದಳು: ಸೆಲಿಜಿಲಿನ್.

"ಪೆಥಿಡಿನ್ ಕೊಟ್ಟೀಯೇನು?"

"ಇಲ್ಲರಿ ಸರ್. ಸಿರಿಂಜಿನ್ಯಾಗ ಐತ್ರಿ."

"ಚೆಲ್ಲು. ಅವೆರಡೂ ಕೂಡಿದ್ರ ಜ್ವರಾ ಏರಿ, ಮೈ ಸೆಟೆದು, ಉಸಿರು ನಿಂದ್ರಬಹುದು. ಆ ಬಿಳಿ ಗುಳಿಗಿ ಬಿಟ್ಟು ಎರಡು ವಾರ ಆಗೂತನಕ ಪೆಥಿಡಿನ್ ಬ್ಯಾಡ. ರಾತ್ರಿ ಕೊಟ್ಟ ಸೂಜೀನ ಈಗೂ ಕೊಡು. ನಾ ಬಂದೆ."

ಗೋದಾಬಾಯಿಯ ಕಣ್ಣೆದುರಿಗೇ ವಾಣಿಶ್ರೀ ಸಿರಿಂಜನ್ನು ತೊಟ್ಟಿಗೆ ಖಾಲಿ ಮಾಡಿದಳು. ಗೋದಾಬಾಯಿ ಎರಡನೆಯ ಸೂಜಿಯನ್ನು ತಾನೇ ತುಂಬಿ ಕೊಟ್ಟಳು.

ಪೂಜೆ ಮುಗಿದಿತ್ತು. ರಾಜಶೇಖರಪ್ಪ ಸೂಜಿ ನೋಡಿದರು. "ಇದು ರಾತ್ರಿದ ಅಲ್ಲ? ಇದಕ್ಕ ಬ್ಯಾನಿ ತಡಿಯೂದಿಲ್ಲವಾ. ಜೋರಿಂದು ಕೊಡತೇನಿ ಅಂದಿದ್ದಿ."

"ಡಾಕ್ಟರು ಬ್ಯಾಡ ಅಂದಾರ್ರಿ."

"ಯಾಕ?"

ವಾಣಿಶ್ರೀ ಹತ್ತಿಯಿಂದ ಅವರ ತೋಳು ಒರೆಸತೊಡಗಿದಳು. ಮಂಚದ ಕಾಲ್ದೆಸೆಯಲ್ಲಿದ್ದ ಶರಣವ್ವ ಸೆರಗು ಹಿಡಿದುಕೊಂಡು ಹೇಳಿದಳು: "ನನ್ನಿಂದ್ರಿ. ನಸುಕಿನ್ಯಾಗ ನಿಮಗ ಕೊಡೂದು ನಿದ್ದಿ ಗುಳಿಗಿ ಅಲ್ಲ. ಕೈ ಬಿಗಿಯದಂಗ ಕೊಡೂ ಗುಳಿಗಿ."

"ಇವತ್ತು?"

"ದಿನಾಲೂ ರಿ. ಮೂರು ವರ್ಷಾತು."

ಅವರು ಕಣ್ಣು ಮುಚ್ಚಿದರು. ಸೂಜಿ ಚುಚ್ಚಿದ್ದೂ ಗೊತ್ತಾಗದವರಂತೆ ಮಲಗಿದ್ದರು. ಆಮೇಲೆ, ಯಾರ ಮುಖವನ್ನೂ ನೋಡದೆ, "ನೀರು ತರಸು. ಪೂಜಿ ಮತ್ತ ಆಗಬೇಕು," ಎಂದರು.

ಶರಣವ್ವ ಮತ್ತೆ ಮೈ ಒರೆಸಿ ವಿಭೂತಿ ಹಚ್ಚಿದಳು. ಎಂಟೂವರೆಯಾಗಿತ್ತು, ನಸುಕಿನ ಗುಳಿಗೆಯ ಬಲ ಇಳಿಯುತ್ತಿತ್ತು. ಲಿಂಗವಿಟ್ಟ ಅಂಗೈ ನಡುಗಿತು. ಅವಳು ಕೆಳಗಿನಿಂದ ಗಂಡನ ಮಣಿಕಟ್ಟು ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ, ಅವಳ ಕಡೆಗೆ ನೋಡಲೂ ಇಲ್ಲ.

ಎರಡನೆಯ ಪೂಜೆ ಮುಗಿಯುವಾಗ ಒಂಬತ್ತು ಗಂಟೆ ದಾಟಿತ್ತು. ವಾಣಿಶ್ರೀ ಆರು ಗಂಟೆಯ ಗುಳಿಗೆಯನ್ನು ಆಗ ಕೊಟ್ಟಳು. ರಾಜಶೇಖರಪ್ಪ ಬಾಯಿ ತೆರೆದರು.