ಬೆಳ್ಳುಳ್ಳಿ ವಾಸನೆಯ ಹಾಲು

ಹೈನುಗಾರಿಕೆಯ ತರಬೇತಿ ಮುಗಿಸಿ ಬಂದ ಮೇಲೆ ಸೊಸೆಯ ಕಣ್ಣಿಗೆ ಮನೆಯವರೆಲ್ಲ ದಡ್ಡರಾಗಿ ಕಾಣತೊಡಗಿದ್ದರು, ಹಸುಗಳೂ ಸೇರಿ. ಮೇವಿಗೆ ಗಿಡಮೂಲಿಕೆಯ ಸಾರ ಬೆರೆಸಿದರೆ ದನದ ಹೊಟ್ಟೆಯಲ್ಲಿ ಗಾಳಿ ಕಟ್ಟುವುದು ಕಡಿಮೆಯಾಗುತ್ತದೆ, ತಿಂದದ್ದು ಮೈಗೆ ಹತ್ತುತ್ತದೆ ಎಂದು ಕಲಿತು ಬಂದಿದ್ದಳು. ಬೆಳ್ಳುಳ್ಳಿ ಸಾರದ ಬಾಟಲಿ ತರಿಸಿದಳು. ಹಸುಗಳು ಚುರುಕಾಗಿ ಮೆಲುಕು ಹಾಕಿದವು. ಕಲಿತದ್ದೇನೂ ಸುಳ್ಳಾಗಿರಲಿಲ್ಲ.

ಆದರೆ ಅಲ್ಲಿ ಇನ್ನೊಂದು ಮಾತೂ ಹೇಳಿಕೊಟ್ಟಿದ್ದರು. ಸಾರವನ್ನು ಹಾಲು ಕರೆದಾದ ಮೇಲೆ ಕೊಡಬೇಕು; ಮೊದಲೇ ಕೊಟ್ಟರೆ ವಾಸನೆ ಹಾಲಿಗೆ ಇಳಿಯುತ್ತದೆ. ಮನೆಯ ಕೆಂಪು ಹಸುವೋ, ಕರೆಯುವಾಗ ಮುಂದೆ ಮೇವಿಲ್ಲದಿದ್ದರೆ ಒದ್ದೇ ಬಿಡುವ ಜಾತಿ. ಸಾರ ಬೆರೆಸಿಟ್ಟ ಮೇವಿನ ಬಕೆಟ್ ಕೈಗೆ ಸಿಗುವಂತಿತ್ತು. ಸೊಸೆ ಅದನ್ನೇ ಸುರಿದಳು. ಒಂದಕ್ಕೆ ಸುರಿದದ್ದು ಆಮೇಲೆ ರೂಢಿಯಾಗಿ ಎಲ್ಲ ಹಸುಗಳಿಗೂ ಆಯಿತು.

ಡೇರಿಯ ಪರೀಕ್ಷಕ ಕ್ಯಾನಿನ ಮುಚ್ಚಳ ತೆಗೆದವನೇ ಮೂಗು ಹಿಂದಕ್ಕೆಳೆದುಕೊಂಡ. "ಏನಪ್ಪ, ಹಾಲಿಗೇ ಒಗ್ಗರಣೆ ಹಾಕ್ಕೊಂಡು ಬಂದಿದ್ಯಾ?" ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಾಲು ತಂದಿದ್ದ ಸೊಸೆಯ ಗಂಡ, ಆ ಮನೆಯ ಮಗ, ಮುಖ ಸಣ್ಣದು ಮಾಡಿಕೊಂಡು ಕ್ಯಾನನ್ನು ಮನೆಗೆ ಹೊತ್ತು ತಂದ.

ಆ ಮನೆಯಲ್ಲಿ ಬೆಳ್ಳುಳ್ಳಿ ಎಂದರೆ ಅತ್ತೆ. ಮಂಡಿನೋವಿಗೆಂದು ದಿನವೂ ಹಸಿ ಎಸಳು ಸುಲಿದು ಅಗಿಯುತ್ತಿದ್ದರು; ಕ್ಯಾನು ತೊಳೆಯುವವರೂ ಅವರೇ.

"ಅಮ್ಮ, ನಿನ್ನ ಕೈದೇ ವಾಸನೆ," ಅಂದ ಮಗ.

ಸೊಸೆಗೂ ಹಾಗೇ ಅನಿಸಿತು. ಅನಿಸಿದ್ದರಿಂದ ಹಿತವೂ ಆಯಿತು. "ನೀವಿನ್ನು ಕ್ಯಾನ್ ಮುಟ್ಟೋದು ಬೇಡ ಅತ್ತೆ. ಆರಾಮಾಗಿ ಕೂತ್ಕೊಳ್ಳಿ," ಅಂದಳು.

ಮದುವೆಯಾಗಿ ಬಂದಂದಿನಿಂದ ಆ ಕೆಲಸ ಮಾಡಿಕೊಂಡಿದ್ದ ಅತ್ತೆ ಬೆಳ್ಳುಳ್ಳಿಯನ್ನೂ ಬಿಟ್ಟರು, ಕೊಟ್ಟಿಗೆಯ ಕಡೆ ಹೋಗುವುದನ್ನೂ ಬಿಟ್ಟರು. ಅದೇ ಹೊತ್ತಿಗೆ ಸಾರದ ಬಾಟಲಿ ಖಾಲಿಯಾಯಿತು, ಹಾಲಿನ ವಾಸನೆ ಹೋಯಿತು. "ನಾನ್ ಹೇಳ್ಲಿಲ್ವಾ?" ಅಂದ ಮಗ. ಅತ್ತೆ ತಲೆತಗ್ಗಿಸಿದರು.

ಹೊಸ ಬಾಟಲಿ ಬಂತು. ಹಾಲು ಮತ್ತೆ ವಾಪಸಾಯಿತು.

ಮಗ ಕ್ಯಾನನ್ನು ಅಂಗಳದಲ್ಲಿ ಕುಕ್ಕಿದ. "ಅಮ್ಮ, ಮತ್ತೆ ಮುಟ್ಟಿದ್ಯಾ?"

"ಇಲ್ಲಪ್ಪ." ಅತ್ತೆ ಸ್ವಲ್ಪ ಯೋಚಿಸಿ, ಸಣ್ಣ ದನಿಯಲ್ಲಿ ಸೇರಿಸಿದರು: "ಮರೆತು ಮುಟ್ಟಿದ್ರೂ ಮುಟ್ಟಿರಬಹುದು. ವಯಸ್ಸಾಯ್ತಲ್ಲ."

ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಆಗ ಎಲ್ಲ ಹೊಳೆಯಿತು. ಸುಮ್ಮನಿದ್ದು ನಾಳೆಯಿಂದ ಬಕೆಟನ್ನು ಹಾಲು ಕರೆದಾದ ಮೇಲೆ ಇಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುತ್ತಿದ್ದವರು ಇನ್ನೊಬ್ಬರು. ಮಾಡದ ತಪ್ಪನ್ನು ಮುದುಕಿ ಹುಡುಕಿ ಹುಡುಕಿ ಮೈಮೇಲೆ ಹಾಕಿಕೊಳ್ಳುವುದನ್ನು ನೋಡಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅತ್ತೆ ಅಲ್ಲ ರೀ, ನಾನು. ಸಾರ ಹಾಕಿದ ಮೇವನ್ನ ಕರೆಯೋಕ್ ಮುಂಚೆ ಕೊಡ್ತಿದ್ದೆ. ಕೊಡಬಾರ್ದು ಅಂತ ಗೊತ್ತಿತ್ತು." ಗಂಡ ತಾನಾಡಿದ್ದು ನೆನಪಾಗಿ, ಕುಕ್ಕಿದ್ದ ಕ್ಯಾನನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. "ಕ್ಯಾನ್ ಇನ್ಮೇಲೆ ನೀವೇ ತೊಳೀಬೇಕು ಅತ್ತೆ," ಅಂದಳು ಸೊಸೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ನಲ್ಲಿಯ ಹತ್ತಿರ ಹೋಗಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು, ಮತ್ತೊಮ್ಮೆ ತೊಳೆದರು. ಆಮೇಲೆ ಎರಡೂ ಕೈಗಳನ್ನು ಸೊಸೆಯ ಮುಂದೆ ಹಿಡಿದರು.

"ಯಾವುದಕ್ಕೂ ಒಂದ್ಸಲ ಮೂಸಿ ನೋಡ್ಬಿಡಮ್ಮ, ಆಮೇಲೆ ಕ್ಯಾನ್ ಮುಟ್ತೀನಿ."